ಏರ್‌ಬ್ರಷ್ ಇಲ್ಲದೆ ಟ್ಯಾಂಕ್ ಮಾದರಿಗೆ ಬಣ್ಣ: ತಪ್ಪು ಯಾವ ಪದರದಲ್ಲಿದೆ?

ಜುಲೈ ತಿಂಗಳ ಜಡಿಮಳೆಯಲ್ಲಿ ಅಕ್ಕನ ಮಗ ಸಾಗರದಿಂದ ಬೆಂಗಳೂರು ಬಸ್ಸಿಗೆ ಒಂದು ಶೂ ಡಬ್ಬಿ ಹಾಕಿ ಕಳಿಸಿದ. ಒಳಗೆ ಹಳೇ ಪಂಚೆ ತುಂಡಿನಲ್ಲಿ ಸುತ್ತಿದ, ಸೋವಿಯತ್ ಟಿ-55 ಟ್ಯಾಂಕಿನ ಪ್ಲಾಸ್ಟಿಕ್ ಮಾದರಿ. 1/35 ಅಳತೆಯದು. ನಳಿಕೆ ಸೇರಿ 9 ಮೀಟರ್ ಉದ್ದದ ಯಂತ್ರ ಇಲ್ಲಿ ಒಂದು ಗೇಣಿಗಿಂತ ಸ್ವಲ್ಪ ಜಾಸ್ತಿ, ಅಷ್ಟೇ. ಜೊತೆಗೆ ಒಂದು ಚೀಟಿ: "ಮಾಮಾ, ಇದನ್ನ ಸರಿ ಮಾಡೋಕಾಗುತ್ತಾ ನೋಡಿ. ಆಗಲ್ಲ ಅಂದ್ರೆ ಏರ್‌ಬ್ರಷ್ ಕೊಡಿಸಿ."

ಟ್ಯಾಂಕಿನ ಗತಿ ಹೀಗಿತ್ತು. ಫೆಂಡರ್ ಮೇಲೆ, ಅಂದರೆ ಟ್ರ್ಯಾಕಿನ ಮೇಲೆ ಚಾಚಿದ ತಗಡಿನ ಮೇಲೆ, ಪೊರಕೆ ಎಳೆದಂಥ ಗೀರುಗಳು. ಮುಂದಿನ ಇಳಿಜಾರು ತಗಡಿನಲ್ಲಿ ಬಣ್ಣ ಅಲ್ಲಲ್ಲಿ ಕಿತ್ತು ಗುಡ್ಡೆಯಾಗಿತ್ತು. ಎರಡು ಚಕ್ರಗಳಲ್ಲಿ ಉಗುರು ತಾಗಿಸಿದರೆ ಸಾಕು, ಬಣ್ಣ ಈರುಳ್ಳಿ ಸಿಪ್ಪೆಯಂತೆ ಏಳುತ್ತಿತ್ತು. ಇದೆಲ್ಲದರ ಮೇಲೆ ವಿಭೂತಿ ಬಳಿದ ಹಾಗೆ ಒಂದು ಬಿಳಿ ಮಂಕು. ಹುಡುಗನ ತೀರ್ಮಾನ: ಎಲ್ಲಕ್ಕೂ ಕಾರಣ ಬ್ರಷ್, ಗಾಳಿಯ ಒತ್ತಡದಿಂದ ಬಣ್ಣ ಸಿಂಪಡಿಸುವ ಏರ್‌ಬ್ರಷ್ ಇದ್ದರೆ ಹೀಗಾಗುತ್ತಿರಲಿಲ್ಲ. ನಾನು ಒಂದು ವಾರ ಆ ಟ್ಯಾಂಕನ್ನು ಮೇಜಿನ ಮೇಲಿಟ್ಟುಕೊಂಡು ನೋಡಿದೆ. ಬ್ರಷ್ ಹಿಡಿದ ರೀತಿಯಿಂದ ಬಂದ ದೋಷ ಅದರಲ್ಲಿ ಒಂದೇ. ಉಳಿದ ಮೂರರಲ್ಲಿ ಒಂದಕ್ಕೆ ಬಣ್ಣದ ಜಾತಿ ಕಾರಣ, ಮಿಕ್ಕ ಎರಡು ಏರ್‌ಬ್ರಷ್ ಇದ್ದರೂ ಬರುತ್ತಿದ್ದವು.

ಬಣ್ಣ ಹಚ್ಚಿದ ಮಾದರಿ ಅಂದರೆ ಪದರಗಳ ಮೇಲೆ ಪದರ. ತಳದಲ್ಲಿ ಪ್ಲಾಸ್ಟಿಕ್, ಅದರ ಮೇಲೆ ಪ್ರೈಮರ್ (ಬಣ್ಣ ಹಿಡಿಯಲಿ ಅಂತ ಹಾಕುವ ಮೊದಲ ಲೇಪ), ಆಮೇಲೆ ಮೂಲ ಬಣ್ಣ, ಗ್ಲಾಸ್ (ಹೊಳಪಿನ) ವಾರ್ನಿಶ್, ಡೆಕಾಲ್ (ನೀರಿನಲ್ಲಿ ನೆನೆಸಿ ಅಂಟಿಸುವ ಗುರುತು), ವಾಶ್ (ಇದರ ಮಾತು ಮುಂದೆ), ಕೊನೆಗೆ ಮ್ಯಾಟ್ (ಹೊಳಪಿಲ್ಲದ) ವಾರ್ನಿಶ್. ದೋಷ ಕಣ್ಣಿಗೆ ಕಾಣುವುದು ಮೇಲೆ, ಹುಟ್ಟಿರುವುದು ಎಷ್ಟೋ ಸಲ ಕೆಳಗೆ. ಯಾವ ಪದರದಲ್ಲಿ ಹುಟ್ಟಿದೆ ಅಂತ ಗೊತ್ತಾಗದೆ ಮೇಲೆ ಇನ್ನೊಂದು ಕೋಟ್ ಬಳಿದರೆ ಸೋರುವ ಗೋಡೆಗೆ ಪೇಂಟ್ ಹೊಡೆದ ಹಾಗೆ.

ಮೊದಲು ಪರೀಕ್ಷೆ

ಟ್ಯೂಬ್‌ಲೈಟ್ ಕೆಳಗೆ ಏನೂ ಸರಿಯಾಗಿ ಕಾಣುವುದಿಲ್ಲ. ಮೊಬೈಲ್ ಟಾರ್ಚ್ ಹಚ್ಚಿ, ಮಾದರಿಯ ಪಕ್ಕದಲ್ಲಿ ಮೇಜಿಗೆ ತಾಗುವಷ್ಟು ಕೆಳಗೆ ಹಿಡಿಯಿರಿ. ಓರೆ ಬೆಳಕಿನಲ್ಲಿ ಉಬ್ಬು ತಗ್ಗೆಲ್ಲ ನೆರಳು ಬಿಡುತ್ತವೆ. ಇದಾದ ಮೇಲೆ, ಕಣ್ಣಿಗೆ ಬೀಳದ ಜಾಗದಲ್ಲಿ, ಅಂದರೆ ಒಡಲಿನ ಅಡಿಯಲ್ಲಿ, ಮೂರು ಸಣ್ಣ ಪರೀಕ್ಷೆ ಮಾಡಿ.

ಉಗುರಿನಿಂದ ಮೆಲ್ಲಗೆ ಕೆರೆಯಿರಿ. ಗೆರೆ ಬಿದ್ದರೆ ಪರವಾಗಿಲ್ಲ, ಹಾಳೆಯಾಗಿ ಎದ್ದರೆ ಅಂಟು ಹಿಡಿದಿಲ್ಲ. ಮಾಸ್ಕಿಂಗ್ ಟೇಪನ್ನು ಒಮ್ಮೆ ಅಂಗೈಗೆ ಅಂಟಿಸಿ ಅಂಟು ಕಡಿಮೆ ಮಾಡಿಕೊಂಡು, ಬಣ್ಣದ ಮೇಲೆ ಒತ್ತಿ ಎಳೆಯಿರಿ. ಟೇಪಿಗೆ ಏನು ಬಂತು ನೋಡಿ. ಕೊನೆಗೆ ಕಿವಿಗೆ ಹಾಕುವ ಹತ್ತಿಕಡ್ಡಿಯನ್ನು ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಅದ್ದಿ ಒಂದೇ ಸಲ ಒರೆಸಿ. ಬಣ್ಣ ಕಡ್ಡಿಗೆ ಬಂದರೆ ಅದು ಅಕ್ರಿಲಿಕ್. ಒಣಗಿ ಗಟ್ಟಿಯಾದ ಎನಾಮೆಲ್ (ಎಣ್ಣೆ ಜಾತಿಯ ಬಣ್ಣ) ಅಷ್ಟು ಸುಲಭಕ್ಕೆ ಬರುವುದಿಲ್ಲ. ಯಾರೋ ಅರ್ಧ ಮಾಡಿ ಬಿಟ್ಟ ಮಾದರಿ ನಿಮ್ಮ ಕೈಗೆ ಬಂದಿದ್ದರೆ ಈ ಕೊನೆಯ ಪರೀಕ್ಷೆ ತಪ್ಪಿಸಲೇಬೇಡಿ.

ಬ್ರಷ್ ಗೀರು

ಎಲ್ಲರೂ ಮೊದಲು ಹೇಳುವ ದೂರು ಇದೇ. ಆದರೆ ಗೀರಿನಲ್ಲಿ ಮೂರು ಜಾತಿ ಇದೆ, ಮೂರಕ್ಕೂ ಮದ್ದು ಬೇರೆ.

ಟಾರ್ಚ್ ಹಿಡಿದಾಗ ನೆರಳೇ ಬೀಳಲಿಲ್ಲ, ಬರೀ ಬಣ್ಣದಲ್ಲಿ ಪಟ್ಟೆ ಪಟ್ಟೆ ಕಾಣುತ್ತಿದೆ. ಇದು ಗೀರೇ ಅಲ್ಲ. ಬಣ್ಣ ಇನ್ನೂ ಪೂರ್ತಿ ಮುಚ್ಚಿಲ್ಲ, ಅಷ್ಟೇ. ಇನ್ನೊಂದು ತೆಳು ಕೋಟ್ ಕೇಳುತ್ತಿದೆ. ಹೊಸಬರು ಎಡವುವುದು ಇಲ್ಲೇ. ಮೊದಲ ಕೋಟ್ ಒಣಗಿದಾಗ ಕೆಳಗಿನ ಪ್ರೈಮರ್ ಇಣುಕುತ್ತದೆ, ಗಾಬರಿಯಾಗುತ್ತದೆ, ಎರಡನೇ ಕೋಟನ್ನು ದಪ್ಪಗೆ ಮೆತ್ತುತ್ತಾರೆ. ಹಬ್ಬಕ್ಕೆ ಮುಂಚೆ ಮನೆಗೆ ಸುಣ್ಣ ಹೊಡೆಯುವುದನ್ನು ನೋಡಿದವರಿಗೆ ಇದು ಗೊತ್ತು. ಮೊದಲ ಸಲ ಬಳಿದಾಗ ಗೋಡೆ ಒದ್ದೆಯಾದಂತೆ ಕಾಣುತ್ತದೆಯೇ ಹೊರತು ಬೆಳ್ಳಗಾಗುವುದಿಲ್ಲ. ಸುಣ್ಣ ಹೊಡೆಯುವವರು ಅದಕ್ಕೆ ತಲೆ ಕೆಡಿಸಿಕೊಳ್ಳುವುದಿಲ್ಲ. ಒಣಗಲು ಬಿಟ್ಟು ಇನ್ನೊಂದು ಕೈ ಹೊಡೆಯುತ್ತಾರೆ. ಟ್ಯಾಂಕಿಗೂ ಅದೇ ಲೆಕ್ಕ: ಮೊದಲ ಕೋಟ್ ಅಸಹ್ಯವಾಗಿ ಕಾಣಬೇಕು, ಎರಡನೆಯದಕ್ಕೆ ಸುಮಾರಾಗಬೇಕು, ಮೂರು ಅಥವಾ ನಾಲ್ಕಕ್ಕೆ ಮುಚ್ಚಬೇಕು.

ಎರಡನೇ ಜಾತಿ: ಟಾರ್ಚ್ ಬೆಳಕಿಗೆ ಉದ್ದುದ್ದ ದಿಬ್ಬಗಳು ಕಾಣುತ್ತವೆ, ಆದರೆ ಅಂಚು ನುಣುಪಾಗಿದೆ. ಬಣ್ಣ ದಪ್ಪವಾಯಿತು. ಮೂರನೇ ಜಾತಿ: ದಿಬ್ಬಗಳ ಅಂಚು ಹರಿದಂತೆ, ತುಂಡು ತುಂಡಾಗಿದೆ. ಅರ್ಧ ಒಣಗಿದ ಬಣ್ಣದ ಮೇಲೆ ಬ್ರಷ್ ವಾಪಸ್ ಓಡಿದೆ. ಅಕ್ಕನ ಮಗನ ಫೆಂಡರ್‌ನಲ್ಲಿ ಇದ್ದದ್ದು ಈ ಮೂರನೆಯದು. ಮೇಲೆ ಫ್ಯಾನ್ ಓಡುತ್ತಿತ್ತಾ ಅಂತ ಫೋನ್ ಮಾಡಿ ಕೇಳಿದೆ. "ಹೌದು ಮಾಮಾ, ಬೇಗ ಒಣಗಲಿ ಅಂತ." ಅಲ್ಲಿಗೆ ಸಿಕ್ಕಿತು.

ಅದೇ ಬಣ್ಣ, ಅದೇ ಬ್ರಷ್, ಅದೇ ಫ್ಯಾನ್. ಆದರೂ ಮಗುಚಿಟ್ಟ ಬಾಣಲೆಯಂಥ ಟಿ-55ರ ಟರೆಟ್ (ನಳಿಕೆ ಹೊತ್ತು ತಿರುಗುವ ಗುಮ್ಮಟ) ಮೇಲೆ ಒಂದು ಗೀರೂ ಕಾಣುತ್ತಿರಲಿಲ್ಲ. ಯಾಕೆಂದರೆ ಅಸಲಿ ಟರೆಟ್ ಎರಕ ಹೊಯ್ದದ್ದು, ಮೈ ಒರಟು. ಒಳ್ಳೆಯ ಕಿಟ್‌ಗಳಲ್ಲಿ ಆ ಒರಟುತನ ಇರುತ್ತದೆ. ಅದು ಗೀರನ್ನು ನುಂಗಿಬಿಡುತ್ತದೆ. ಟರೆಟ್ ಚೆನ್ನಾಗಿದೆ, ಫೆಂಡರ್ ಕೆಟ್ಟಿದೆ ಅಂದರೆ ಬಣ್ಣದ ಬಾಟಲಿಯನ್ನು ಬೈಯಬೇಡಿ. ಸಮತಟ್ಟು ಜಾಗದಲ್ಲಿ ನಿಮ್ಮ ಕೈ ಓಡಿದ ರೀತಿ ನೋಡಿಕೊಳ್ಳಿ.

ಹದದ ವಿಷಯ. ಬಣ್ಣವನ್ನು ಬಾಟಲಿಯಿಂದ ನೇರ ಮಾದರಿಗೆ ಹಚ್ಚಬೇಡಿ. ದೋಸೆ ಹಿಟ್ಟಿನ ಹದ ಆಗದು, ನೀರು ಮಜ್ಜಿಗೆಯೂ ಆಗದು. ಹಾಲಿನ ಹದ ಬೇಕು. ಇದನ್ನು ಅಂದಾಜಿಗೆ ಬಿಡುವ ಬದಲು ಪ್ಲಾಸ್ಟಿಕ್ ಚಮಚದ ಬೆನ್ನಿನ ಮೇಲೆ ಒಂದು ಗೆರೆ ಎಳೆದು ಹತ್ತು ಎಣಿಸಿ. ಬ್ರಷ್ ಕೂದಲಿನ ಗುರುತು ತಾನಾಗಿ ಕೂಡಿಕೊಂಡು ಮಾಯವಾದರೆ ಹದ ಸರಿ. ಗುರುತು ಹಾಗೇ ನಿಂತರೆ ಇನ್ನೊಂದು ಹನಿ ನೀರು ಹಾಕಿ. ಗೆರೆ ಒಡೆದು ಹನಿ ಹನಿಯಾದರೆ ನೀರು ಜಾಸ್ತಿಯಾಗಿದೆ. ನೀರಿನ ಪಾಲು ಬಣ್ಣಕ್ಕಿಂತ ಹೆಚ್ಚಾದರೆ ಬಣ್ಣವನ್ನು ಹಿಡಿದಿಡುವ ಅಂಟೇ ತೆಳ್ಳಗಾಗಿ ಬಣ್ಣ ಸುಣ್ಣದಂತೆ ಪುಡಿಪುಡಿಯಾಗಿ ಕೂರುತ್ತದೆ. ಅಷ್ಟು ತೆಳ್ಳಗೆ ಬೇಕಿದ್ದರೆ ಆಯಾ ಬಣ್ಣದ ಮೀಡಿಯಂ (ಬಣ್ಣವಿಲ್ಲದ ಅಂಟಿನ ದ್ರವ) ಬೆರೆಸುವುದು ಒಳ್ಳೆಯದು. ಹಾಗೆಯೇ ಬೋರ್‌ವೆಲ್ ನೀರು ಬೇಡ. ಗಡಸು ನೀರು ಒಣಗಿದಲ್ಲಿ ಬಿಳಿ ಕಲೆ ಬಿಡುತ್ತದೆ. ಕುಡಿಯುವ ಫಿಲ್ಟರ್ ನೀರು ಅಥವಾ ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ಸಾಕು.

ಈಗ ಕೈ. ಫೆಂಡರ್ ಬಳಿಯಲು 8ರಿಂದ 10 ಮಿಲಿಮೀಟರ್ ಅಗಲದ ಮೆತ್ತನೆ ಚಪ್ಪಟೆ ಬ್ರಷ್ ತೆಗೆದುಕೊಳ್ಳಿ. ಸಣ್ಣ ಬ್ರಷ್ ಅಂದರೆ ನಾಜೂಕು ಅಂದುಕೊಂಡು ಸೊನ್ನೆ ನಂಬರ್ ಬ್ರಷ್‌ನಲ್ಲಿ ಇಡೀ ಟ್ಯಾಂಕ್ ಬಳಿಯುವವರಿದ್ದಾರೆ. ಅಷ್ಟು ಗೆರೆ ಎಳೆದರೆ ಅಷ್ಟು ಗೀರು. ಬ್ರಷ್ಷನ್ನು ನೀರಿನಲ್ಲಿ ಅದ್ದಿ, ಟಿಶ್ಯೂ ಮೇಲೆ ಒತ್ತಿ, ಆಮೇಲೆ ಬಣ್ಣಕ್ಕೆ ಕೂದಲಿನ ಅರ್ಧದವರೆಗೆ ಮಾತ್ರ ಅದ್ದಿ. ಒಂದು ಮೈಯನ್ನು ಟಿಶ್ಯೂಗೆ ತಾಗಿಸಿ. ಫೆಂಡರ್‌ನ ಒಂದು ತುಂಡಿನ ನಡುವೆ ಊರಿ, ಅಂಚಿನ ಕಡೆಗೆ ಎಳೆದು ಎತ್ತಿಬಿಡಿ. ಪಕ್ಕದ ಗೆರೆ ಹಿಂದಿನದರ ಒದ್ದೆ ಅಂಚನ್ನು ಒಂದು ಕೂದಲಿನಷ್ಟು ಮುಟ್ಟಬೇಕು. ಮುಟ್ಟಿ ಮುಂದೆ ಹೋಗಬೇಕು. ಹಿಂದೆ ಒಂದು ಚುಕ್ಕಿ ಬಿಟ್ಟುಹೋಯಿತು ಅನ್ನಿಸುತ್ತದೆ, ಕೈ ತುರಿಸುತ್ತದೆ. ಬಿಡಿ, ಅದು ಮುಂದಿನ ಕೋಟ್‌ಗೆ ಸಿಗುತ್ತದೆ. ಟಿ-55ರ ಫೆಂಡರ್ ಮೇಲೆ ಇಂಧನದ ಟ್ಯಾಂಕು, ಸಾಮಾನಿನ ಪೆಟ್ಟಿಗೆ ಸಾಲಾಗಿವೆ. ಅವುಗಳ ಸಂದುಗಳೇ ಗಡಿ. ಒಂದು ಪೆಟ್ಟಿಗೆ ಮುಗಿಸಿ ಇನ್ನೊಂದಕ್ಕೆ ಹೋದರೆ ಎಲ್ಲಿ ನಿಲ್ಲಿಸಿದಿರಿ ಅನ್ನುವುದೂ ಕಾಣುವುದಿಲ್ಲ.

ಪಕ್ಕದ ನೆಟ್ಟಗಿನ ಗೋಡೆಗಳಲ್ಲಿ ಕೊನೆಯ ಕೋಟನ್ನು ಮೇಲಿಂದ ಕೆಳಕ್ಕೆ ಎಳೆಯಿರಿ. ಚೂರುಪಾರು ಗೀರು ಉಳಿದರೂ ಮಳೆ ನೀರು ಹರಿದ ಗುರುತಿನಂತೆ ಕಾಣುತ್ತದೆ. ಮಡಿಕೇರಿಯ ಜನರಲ್ ತಿಮ್ಮಯ್ಯ ಮ್ಯೂಸಿಯಂನಲ್ಲಿ ಅಸಲಿ ಟಿ-55 ನಿಂತಿದೆ. ಅಂಥದ್ದೊಂದನ್ನು ಮಳೆಗಾಲ ಮುಗಿದ ಮೇಲೆ ಹತ್ತಿರದಿಂದ ನೋಡಿ, ನೀರು ಎಲ್ಲಿ ಇಳಿಯುತ್ತದೆ, ಧೂಳು ಎಲ್ಲಿ ಕೂರುತ್ತದೆ ಅಂತ. ಬಣ್ಣವನ್ನು ಮಾತ್ರ ಪ್ರದರ್ಶನಕ್ಕಿಟ್ಟ ಟ್ಯಾಂಕ್ ನೋಡಿ ಆರಿಸಬೇಡಿ. ಅವಕ್ಕೆ ಬಿಸಿಲು ಮಳೆ ತಡೆಯಲಿ ಅಂತ ಆಮೇಲೆ ಪೇಂಟ್ ಹೊಡೆದಿರುತ್ತಾರೆ.

ಆಗಿಹೋದ ಗೀರಿಗೆ: ಪೂರ್ತಿ ಒಂದು ದಿನ ಒಣಗಲಿ. 1500 ನಂಬರಿನ ವಾಟರ್ ಪೇಪರ್ ಒದ್ದೆ ಮಾಡಿ, ಬೆರಳಿಗೆ ಸುತ್ತಿ, ಸಣ್ಣಗೆ ಸುತ್ತು ಸುತ್ತಾಗಿ ಉಜ್ಜಿ. ದಿಬ್ಬದ ತಲೆ ಹೋದರೆ ಸಾಕು, ಪ್ರೈಮರ್ ತನಕ ಹೋಗಬೇಡಿ. ತೊಳೆದು ಒಣಗಿಸಿ ಎರಡು ತೆಳು ಕೋಟ್ ಹಾಕಿ.

ಇನ್ನೊಂದು ಮಾತು. ಎಲ್ಲ ಗೀರೂ ದೋಷವಲ್ಲ. ಎರಡನೇ ಮಹಾಯುದ್ಧದಲ್ಲಿ, 1943ರ ಫೆಬ್ರವರಿ ಆದೇಶದ ನಂತರ, ಜರ್ಮನ್ ಟ್ಯಾಂಕುಗಳು ಕಾರ್ಖಾನೆಯಿಂದ ಗಾಢ ಹಳದಿಯಲ್ಲಿ ಬರುತ್ತಿದ್ದವು. ಹಸಿರು, ಕೆಂಗಂದು ಬಣ್ಣಗಳನ್ನು ಗಟ್ಟಿ ಪೇಸ್ಟ್ ರೂಪದಲ್ಲಿ ಸೈನಿಕರಿಗೇ ಕೊಡುತ್ತಿದ್ದರು. ಅವರು ಅದನ್ನು ಪೆಟ್ರೋಲಿನಲ್ಲೋ ನೀರಿನಲ್ಲೋ ಕಲಸಿ, ಸ್ಪ್ರೇ ಗನ್ ಇದ್ದರೆ ಅದರಲ್ಲಿ, ಇಲ್ಲದಿದ್ದರೆ ಬ್ರಷ್‌ನಲ್ಲಿ ಬಳಿಯುತ್ತಿದ್ದರು. ರಷ್ಯಾದ ಚಳಿಗಾಲದಲ್ಲಿ ಹಿಮಕ್ಕೆ ಹೊಂದಲಿ ಅಂತ ಟ್ಯಾಂಕಿಗೆ ಬಿಳಿ ಸುಣ್ಣ ಬಳಿದದ್ದೂ ಎಷ್ಟೋ ಸಲ ಕೈಯಿಂದಲೇ. ಅಂಥ ಟ್ಯಾಂಕ್ ಮಾಡುತ್ತಿದ್ದರೆ ಬ್ರಷ್ ಗುರುತು ಇರಲೇಬೇಕು. ಏರ್‌ಬ್ರಷ್ ಇರುವವರು ಅದಕ್ಕೋಸ್ಕರ ಬ್ರಷ್ ಹುಡುಕುತ್ತಾರೆ.

ಕೆಳಗಿನ ಕೋಟ್ ಎದ್ದು ಬರುವುದು

ಮುಂದಿನ ತಗಡಿನಲ್ಲಿ ಬಣ್ಣ ಕಿತ್ತು ಗುಡ್ಡೆಯಾದ ಜಾಗವನ್ನು ಲೆನ್ಸ್‌ನಲ್ಲಿ ನೋಡಿದೆ. ಗುಡ್ಡೆಯ ಪಕ್ಕದಲ್ಲೇ ಒಂದು ಗುಳಿ, ಗುಳಿಯ ತಳದಲ್ಲಿ ಬೂದು ಪ್ರೈಮರ್. ಅಂದರೆ ಪ್ರೈಮರ್ ಗಟ್ಟಿ ಇದೆ, ಮೊದಲ ಕೋಟ್ ಎರಡನೆಯದರ ಜೊತೆ ಕರಗಿ ಎದ್ದಿದೆ.

ಇದು ಬಣ್ಣದ ಜಾತಿಯ ಪ್ರಶ್ನೆ. ಅಕ್ರಿಲಿಕ್ ಅಂದರೆ ಎಲ್ಲ ಒಂದೇ ಅಲ್ಲ. ತಮಿಯಾ ಕಂಪನಿಯ ಎಕ್ಸ್‌ಎಫ್ ಸಾಲಿನಂಥವುಗಳಲ್ಲಿ ಆಲ್ಕೋಹಾಲ್ ಜಾತಿಯ ದ್ರಾವಕ ಇರುತ್ತದೆ. ಏರ್‌ಬ್ರಷ್‌ಗೆ ಬಲು ಚಂದ, ಬ್ರಷ್‌ಗೆ ತುಸು ತುಂಟ. ಬೇಗ ಒಣಗುತ್ತವೆ, ಮೇಲೆ ಹೊಸ ಕೋಟ್ ಬಂದರೆ ಅದರಲ್ಲಿರುವ ದ್ರಾವಕ ಕೆಳಗಿನದನ್ನು ಮತ್ತೆ ಮೆತ್ತಗೆ ಮಾಡುತ್ತದೆ. ಅದರ ಮೇಲೆ ಬ್ರಷ್ ಎರಡು ಸಲ ಓಡಿದರೆ ಕಿತ್ತುಕೊಂಡು ಬರುತ್ತದೆ. ವಲ್ಲೇಹೊ ಕಂಪನಿಯ ಮಾಡೆಲ್ ಕಲರ್ ತರಹದವು ನೀರಿನ ಮೇಲೆ ನಿಂತವು. ಒಣಗಿದ ಮೇಲೆ ನೀರಿಗೆ ಕರಗುವುದಿಲ್ಲ, ಹಾಗಾಗಿ ಕೋಟ್ ಮೇಲೆ ಕೋಟ್ ನಿರಾಳ. ಹೊಸದಾಗಿ ಕೊಳ್ಳುವವರು ಬ್ರಷ್ ಕೆಲಸಕ್ಕೆ ಎರಡನೇ ಜಾತಿಯನ್ನೇ ಕೊಳ್ಳಿ ಅನ್ನುವುದು ನನ್ನ ಸಲಹೆ. ವಾದ ಮಾಡುವವರಿದ್ದಾರೆ, ಮಾಡಲಿ.

ಕೈಯಲ್ಲಿರುವುದು ಮೊದಲ ಜಾತಿಯೇ ಆಗಿದ್ದರೆ, ಅದರದೇ ಥಿನ್ನರ್‌ಗೆ ಒಂದೆರಡು ಹನಿ ರಿಟಾರ್ಡರ್ ಸೇರಿಸಿ ಒಣಗುವುದನ್ನು ನಿಧಾನ ಮಾಡಿ. ಒಂದು ಜಾಗಕ್ಕೆ ಒಂದೇ ಎಳೆತ. ಎರಡು ಕೋಟ್ ನಡುವೆ ಒಂದು ರಾತ್ರಿ ಬಿಡಿ. ಮುಟ್ಟಿದರೆ ಅಂಟುತ್ತಿಲ್ಲ ಅಂದ ಮಾತ್ರಕ್ಕೆ ಒಳಗೆ ಒಣಗಿದೆ ಅಂತಲ್ಲ. ನೀರಿನ ಅಕ್ರಿಲಿಕ್ ಆದರೆ ಬೇಸಿಗೆಯಲ್ಲಿ ಅರ್ಧ ಗಂಟೆ, ಮಲೆನಾಡಿನ ಜುಲೈನಲ್ಲಿ ಒಂದೆರಡು ಗಂಟೆ. ಗಾಳಿಯಲ್ಲೇ ನೀರು ತುಂಬಿರುವಾಗ ಬಣ್ಣದ ನೀರು ಹೋಗುವುದಾದರೂ ಎಲ್ಲಿಗೆ?

ಇದರ ಅಣ್ಣನಂಥ ಇನ್ನೊಂದು ದೋಷ ಸುಕ್ಕು. ಬಣ್ಣ ಮುದುಕರ ಚರ್ಮದಂತೆ ಮುದುಡಿದ್ದರೆ, ಅರ್ಧ ಒಣಗಿದ ಎನಾಮೆಲ್ ಮೇಲೆ ಲ್ಯಾಕರ್ (ಖಾರವಾದ ದ್ರಾವಕದ ಬಣ್ಣ) ಬಿದ್ದಿದೆ ಅಂತ ತಿಳಿಯಿರಿ. ಇದಕ್ಕೆ ತೇಪೆ ಇಲ್ಲ. ಆ ಭಾಗವನ್ನು ತೆಗೆದು ಮತ್ತೆ ಮಾಡಬೇಕು.

ಸಿಪ್ಪೆ ಏಳುವುದು, ಬಣ್ಣ ನಿಲ್ಲದಿರುವುದು

ಎದ್ದ ಸಿಪ್ಪೆಯನ್ನು ಎಸೆಯಬೇಡಿ, ತಿರುವಿ ನೋಡಿ. ಸಿಪ್ಪೆಯ ಬೆನ್ನಿಗೆ ಪ್ರೈಮರ್ ಅಂಟಿದ್ದು, ಕೆಳಗೆ ಬರೀ ಪ್ಲಾಸ್ಟಿಕ್ ಹೊಳೆಯುತ್ತಿದ್ದರೆ, ಪ್ಲಾಸ್ಟಿಕ್ ಮೈಯಲ್ಲಿ ಜಿಡ್ಡಿತ್ತು. ಕೆಳಗೆ ಪ್ರೈಮರ್ ಉಳಿದಿದ್ದರೆ, ಪ್ರೈಮರ್ ಹಾಕಿದ ಮೇಲೆ ಜಿಡ್ಡಾಗಿದೆ, ಅಂದರೆ ನಿಮ್ಮ ಬೆರಳು. ಪ್ರೈಮರೇ ಇಲ್ಲದಿದ್ದರೆ ಉತ್ತರ ನಿಮಗೇ ಗೊತ್ತು. ನೀರಿನ ಅಕ್ರಿಲಿಕ್‌ಗೆ ಪ್ರೈಮರ್ ಬೇಕೇ ಬೇಕು.

ಸಿಪ್ಪೆ ಏಳುವ ಮುಂಚೆಯೇ ಇದು ಸುಳಿವು ಕೊಟ್ಟಿರುತ್ತದೆ. ಬಳಿದ ಬಣ್ಣ ಕೆಸುವಿನೆಲೆ ಮೇಲಿನ ನೀರಿನಂತೆ ದೂರ ಸರಿದು ಗುಂಡಗೆ ನಿಂತಿತ್ತಾ? ಜಿಡ್ಡು ಅಲ್ಲೇ ಇದೆ. ಕಿಟ್ ತಯಾರಾಗುವಾಗ ಅಚ್ಚಿನಿಂದ ಬಿಡಿಸಿಕೊಳ್ಳಲು ಹಾಕಿದ ಎಣ್ಣೆ ಉಳಿದಿರಬಹುದು. ನಮ್ಮ ಹುಡುಗನ ಮಟ್ಟಿಗೆ ಕಾರಣ ಬೇರೆ. ತಲೆಗೆ ಕೊಬ್ಬರಿ ಎಣ್ಣೆ ಹಚ್ಚಿಕೊಂಡು, ಆಗಾಗ ಕೂದಲು ಸವರಿಕೊಂಡು, ಅದೇ ಕೈಯಲ್ಲಿ ಚಕ್ರ ಹಿಡಿದಿದ್ದಾನೆ. ಎರಡೇ ಚಕ್ರದಲ್ಲಿ ಸಿಪ್ಪೆ ಯಾಕೆ, ಉಳಿದವು ಯಾಕೆ ಚೆನ್ನಾಗಿವೆ ಅಂತ ಯೋಚಿಸಿದಾಗ ಹೊಳೆದದ್ದು ಇದು. ಇಡೀ ಟ್ಯಾಂಕ್ ಸಿಪ್ಪೆ ಎದ್ದರೆ ಅಚ್ಚಿನೆಣ್ಣೆ. ಅಲ್ಲೊಂದು ಇಲ್ಲೊಂದು ಎದ್ದರೆ ಕೈಯೆಣ್ಣೆ.

ಉಗುರುಬೆಚ್ಚಗಿನ ನೀರಿಗೆ ಪಾತ್ರೆ ತೊಳೆಯುವ ಲಿಕ್ವಿಡ್ ಒಂದು ಹನಿ, ಹಳೇ ಟೂತ್‌ಬ್ರಷ್, ಆಮೇಲೆ ಚೆನ್ನಾಗಿ ನೀರು. ಒಣಗಿದ ಮೇಲೆ ಮೈ ಮುಟ್ಟಬೇಡಿ. ಒಡಲಿನ ಅಡಿಗೆ ಖಾಲಿ ಬಾಟಲಿಯೊಂದನ್ನು ಎರಡು ಬದಿ ಅಂಟುವ ಟೇಪ್‌ನಿಂದ ಕೂರಿಸಿ, ಅದನ್ನೇ ಹಿಡಿ ಮಾಡಿಕೊಳ್ಳಿ. ಕೆಲವು ಕಿಟ್‌ಗಳಲ್ಲಿ ಬರುವ ಮೆತ್ತನೆಯ ವಿನೈಲ್ ಟ್ರ್ಯಾಕ್ ಬೇರೆಯೇ ಕಥೆ. ಅದನ್ನು ಬಗ್ಗಿಸಿದರೆ ಮೇಲಿನ ಗಡಸು ಬಣ್ಣ ಬಿರಿಯುತ್ತದೆ. ಮೊದಲು ಚಕ್ರಕ್ಕೆ ಸುತ್ತಿ ಕೂರಿಸಿ, ಆಮೇಲೆ ಬಳಿಯಿರಿ. ಬಗ್ಗುವ ಗುಣವಿರುವ ನೀರಿನ ಅಕ್ರಿಲಿಕ್ ಇದಕ್ಕೆ ವಾಸಿ.

ಚಕ್ರದ ಮಾತು ಬಂದಿದ್ದಕ್ಕೆ: ಟಿ-55ಕ್ಕೆ ಒಂದೊಂದು ಕಡೆ ಐದು ಜೋಡಿ ಚಕ್ರ, ಒಟ್ಟು 20 ಬಿಲ್ಲೆ, ಅಷ್ಟಕ್ಕೂ ರಬ್ಬರ್ ಅಂಚು. ರಬ್ಬರ್ ಬಣ್ಣ ಒಳಗೆ ನುಗ್ಗುತ್ತಿದ್ದರೆ ನೀವು ಬ್ರಷ್ಷನ್ನು ಸುತ್ತಿಸುತ್ತಿದ್ದೀರಿ ಅಂತ. ಚಕ್ರವನ್ನು ಹಲ್ಲುಕಡ್ಡಿಗೆ ಸಿಕ್ಕಿಸಿ, ಬ್ರಷ್ಷನ್ನು ಅಲ್ಲಾಡದಂತೆ ಹಿಡಿದು, ಕಡ್ಡಿಯನ್ನು ತಿರುಗಿಸಿ. ಬಳೆಯಂತೆ ಬಣ್ಣ ತಾನೇ ಸುತ್ತಿಕೊಳ್ಳುತ್ತದೆ. ಕಪ್ಪು ಬೇಡ, ಗಾಢ ಬೂದು ಹಾಕಿ.

ಬಿಳಿ ಮಂಕು

ಬಿಳಿ ಎಲ್ಲಿದೆ ಅನ್ನುವುದೇ ಕಾರಣ ಹೇಳುತ್ತದೆ. ಎಲ್ಲ ಕಡೆ ಒಂದೇ ಸಮ ಹರಡಿದ್ದರೆ ಗಾಳಿಯ ತೇವ. ಮೂಲೆ, ಸಂದುಗಳಲ್ಲಿ ಮಾತ್ರ ಬಿಳಿ ಗಂಜಿಯಂತೆ ನಿಂತಿದ್ದರೆ ಮ್ಯಾಟ್ ವಾರ್ನಿಶ್ ಜಾಸ್ತಿಯಾಗಿದೆ, ಇಲ್ಲವೇ ಬಾಟಲಿ ಸರಿಯಾಗಿ ಅಲ್ಲಾಡಿಸಿಲ್ಲ. ಮ್ಯಾಟ್ ಮಾಡುವ ಪುಡಿ ಬಾಟಲಿಯ ತಳದಲ್ಲಿ ಕೂತಿರುತ್ತದೆ. ಮೇಲಿನ ನೀರು ಮಾತ್ರ ಹಚ್ಚಿದರೆ ಟ್ಯಾಂಕ್ ಹೊಳೆಯುತ್ತದೆ, ತಳದ ಗಸಿ ಹಚ್ಚಿದರೆ ಬೆಳ್ಳಗಾಗುತ್ತದೆ. ಬಿಳಿ ಉಂಗುರ ಇದ್ದರೆ ಗಡಸು ನೀರು, ಅದರಲ್ಲೂ ಡೆಕಾಲ್ ಸುತ್ತ.

ಶೂ ಡಬ್ಬಿಯ ಟ್ಯಾಂಕಿನದು ಮೊದಲನೆಯದು. ಹೊರಗೆ ಮಳೆ ಸುರಿಯುತ್ತಿದ್ದಾಗ ಜಗಲಿಯಲ್ಲಿ ನಿಂತು ಕ್ಯಾನ್‌ನಿಂದ ಮ್ಯಾಟ್ ವಾರ್ನಿಶ್ ಸ್ಪ್ರೇ ಮಾಡಿದ್ದಾನೆ. ಕ್ಯಾನ್‌ನ ದ್ರಾವಕ ಭರ್ರನೆ ಆರುವಾಗ ಮಾದರಿಯ ಮೈ ತಣ್ಣಗಾಗುತ್ತದೆ, ಗಾಳಿಯ ತೇವ ಅಲ್ಲೇ ಇಬ್ಬನಿಯಾಗಿ ವಾರ್ನಿಶ್ ಒಳಗೆ ಸಿಕ್ಕಿಕೊಳ್ಳುತ್ತದೆ. ಒದ್ದೆ ಬೆರಳಿನಿಂದ ಸವರಿ ನೋಡಿದೆ. ಒದ್ದೆಯಾದಲ್ಲಿ ಹಸಿರು ಮತ್ತೆ ಗಾಢವಾಗಿ ಕಂಡಿತು, ಆರಿದ ಕೂಡಲೇ ಮಂಕಾಯಿತು. ಇದು ಒಳ್ಳೆ ಸುದ್ದಿ. ಒದ್ದೆಯಾದಾಗ ಮಾಯವಾಗುವ ಮಂಕು ಸಾಮಾನ್ಯವಾಗಿ ಗ್ಲಾಸ್ ವಾರ್ನಿಶ್‌ಗೂ ಮಾಯವಾಗುತ್ತದೆ. ಬ್ರಷ್‌ನಲ್ಲಿ ಒಂದು ತೆಳು ಗ್ಲಾಸ್ ಕೋಟ್ ಹಾಕಿದೆ, ಮಂಕು ಹೋಯಿತು. ಮಳೆ ಬಿಟ್ಟ ದಿನ ಮ್ಯಾಟ್ ಹಾಕಿದೆ, ಅದೂ ಬ್ರಷ್‌ನಲ್ಲೇ.

ಕ್ಯಾನ್ ಬಳಸಲೇಬೇಕಿದ್ದರೆ ಮೊದಲು ಅದನ್ನು ಉಗುರುಬೆಚ್ಚಗಿನ ನೀರಿನಲ್ಲಿ ಐದು ನಿಮಿಷ ಇಡಿ. ಒಲೆ, ಕುದಿಯುವ ನೀರಿನ ಹತ್ತಿರ ತರಲೇಬೇಡಿ. ಅಡುಗೆಮನೆ ಬೆಚ್ಚಗಿದೆ ಅಂತ ಅಲ್ಲಿ ಸ್ಪ್ರೇ ಮಾಡುವುದೂ ಬೇಡ, ಅದರ ಆವಿಗೆ ಬೆಂಕಿ ಹತ್ತುತ್ತದೆ. ಕಲಬುರಗಿ, ಬಳ್ಳಾರಿ ಕಡೆಯ ಏಪ್ರಿಲ್‌ನಲ್ಲಿ ತೊಂದರೆ ಇದರ ತಿರುವುಮುರುವು. ದೂರದಿಂದ ಸ್ಪ್ರೇ ಮಾಡಿದರೆ ಹನಿ ಗಾಳಿಯಲ್ಲೇ ಒಣಗಿ, ಪ್ರೈಮರ್ ಸಣ್ಣ ರವೆ ಉದುರಿಸಿದಂತೆ ಒರಟಾಗಿ ಕೂರುತ್ತದೆ. ತುಸು ಹತ್ತಿರದಿಂದ, ಬೆಳಗಿನ ತಂಪಿನಲ್ಲಿ ಮಾಡಿ.

ಕಾಳು, ಕೂದಲು, ಮುಳುಗಿದ ವಿವರ

ಬಣ್ಣದಲ್ಲಿ ಕಾಳು ಸಿಕ್ಕರೆ ಬಾಟಲಿಯ ಬಾಯಿ ನೋಡಿ. ಅಲ್ಲಿ ಒಣಗಿದ ಚಕ್ಕೆ ಒಳಗೆ ಬಿದ್ದಿರುತ್ತದೆ. ಒರೆಸಿ ಮುಚ್ಚುವ ಅಭ್ಯಾಸ ಮಾಡಿಕೊಳ್ಳಿ. ಬ್ರಷ್‌ನ ಕೂದಲು ಅಂಟಿದರೆ ಹಸಿ ಇರುವಾಗಲೇ ಚಿಮಟದಲ್ಲಿ ತೆಗೆಯಿರಿ. ನಮ್ಮ ತಲೆಕೂದಲು ಸುಮಾರು 0.07 ಮಿಲಿಮೀಟರ್ ದಪ್ಪ ಅಂತಿಟ್ಟುಕೊಳ್ಳಿ. 35ರಿಂದ ಗುಣಿಸಿದರೆ ಅಸಲಿ ಟ್ಯಾಂಕಿನ ಮೇಲೆ ಎರಡೂವರೆ ಮಿಲಿಮೀಟರ್ ದಪ್ಪದ ದಾರ. ಬೋಲ್ಟ್ ತಲೆ, ಬೆಸುಗೆ ಗೆರೆ ಮುಳುಗಿಹೋಗಿದ್ದರೆ ಲೆಕ್ಕ ಅದೇ. ದಪ್ಪ ಕೋಟಿನ ಒಂದು ಕೂದಲಷ್ಟು ದಪ್ಪ ಸಾಕು ಅವನ್ನು ಹೂಳಲು. ಉಜ್ಜಿದರೆ ಬೋಲ್ಟೇ ಸವೆಯುತ್ತದೆ, ಅಲ್ಲಿ ಬಣ್ಣ ಕಳಚುವುದೇ ದಾರಿ.

ವಾಶ್ ಕಲೆ ಮತ್ತು ಮುರಿಯುವ ಚಕ್ರದ ತೋಳು

ವಾಶ್ ಅಂದರೆ ಸಂದುಗಳಲ್ಲಿ ನೆರಳು ಕೂರಿಸುವ ತೆಳು ಕಂದು ದ್ರವ. ಒಣಗಿದಾಗ ನೆಲದ ಮೇಲೆ ಕಾಫಿ ಲೋಟ ಇಟ್ಟ ಗುರುತಿನಂತೆ ಉಂಗುರ ಉಳಿದರೆ, ಅದನ್ನು ನೇರ ಮ್ಯಾಟ್ ಮೈಗೆ ಹಾಕಿದ್ದೀರಿ. ಮ್ಯಾಟ್ ಮೈ ಹೀರಿಕೊಳ್ಳುತ್ತದೆ. ಕೆಳಗೆ ಗ್ಲಾಸ್ ಕೋಟ್ ಇದ್ದರೆ ವಾಶ್ ಜಾರಿ ಸಂದಿಗೆ ಹೋಗುತ್ತದೆ, ಮಿಕ್ಕದ್ದನ್ನು ಒರೆಸಬಹುದು. ಡೆಕಾಲ್ ಕೆಳಗೆ ಬೆಳ್ಳಿಯಂತೆ ಮಿಂಚುವುದಕ್ಕೂ ಇದೇ ಕಾರಣ. ಒರಟು ಮೈಯಲ್ಲಿ ಗಾಳಿ ಸಿಕ್ಕಿಕೊಂಡಿರುತ್ತದೆ. ಸೂಜಿಯಿಂದ ನಾಲ್ಕು ಕಡೆ ಚುಚ್ಚಿ, ಡೆಕಾಲ್ ಮೆತ್ತಗೆ ಮಾಡುವ ದ್ರವ ಹಚ್ಚಿ ಒತ್ತಿದರೆ ಬಹುಪಾಲು ಕೂರುತ್ತದೆ.

ಹಾರ್ಡ್‌ವೇರ್ ಅಂಗಡಿಯ ಟರ್ಪೆಂಟೈನ್‌ನಲ್ಲಿ ಆಯಿಲ್ ಕಲರ್ ಕಲಸಿ ವಾಶ್ ಮಾಡುವವರು ಮೊದಲು ಅದರ ಒಂದು ಹನಿಯನ್ನು ಬಿಳಿ ಕಾಗದಕ್ಕೆ ಬಿಡಿ. ಆರಿದ ಮೇಲೆ ಬೋಂಡಾ ಕಾಗದದಂತೆ ಜಿಡ್ಡು ಉಳಿದರೆ ಆ ಸೀಸೆ ಬೇಡ, ವಾಶ್ ದಿನಗಟ್ಟಲೆ ಅಂಟಂಟಾಗಿರುತ್ತದೆ. ಆಯಿಲ್ ಕಲರನ್ನೂ ಒಂದು ಗಂಟೆ ರಟ್ಟಿನ ಮೇಲಿಟ್ಟರೆ ಎಣ್ಣೆ ರಟ್ಟಿಗೆ ಹೋಗಿ ಬಣ್ಣ ಬೇಗ, ಮಂಕಾಗಿ ಒಣಗುತ್ತದೆ.

ಇಲ್ಲೇ ಕಾಣದ ಅಪಾಯ ಒಂದಿದೆ. ಬಣ್ಣವಿಲ್ಲದ ಬರೀ ಪ್ಲಾಸ್ಟಿಕ್‌ಗೆ, ಅದೂ ಬಿಗಿಯಾಗಿ ಸಿಕ್ಕಿಸಿದ ಕೀಲುಗಳಿಗೆ, ಈ ದ್ರಾವಕ ಇಳಿದರೆ ಪ್ಲಾಸ್ಟಿಕ್ ಒಳಗೇ ಬಿರಿಯುತ್ತದೆ. ರಾತ್ರಿ ಚೆನ್ನಾಗಿದ್ದ ಚಕ್ರದ ತೋಳು ಬೆಳಿಗ್ಗೆ ಮುಟ್ಟಿದರೆ ಕಟ್. ತೋಳಿನ ಹಿಂಬದಿಯನ್ನೂ ಬಣ್ಣದಿಂದ ಮುಚ್ಚಿ, ವಾಶನ್ನು ಕೆರೆ ಕಟ್ಟುವಷ್ಟು ಹಾಕಬೇಡಿ.

ಎನ್‌ಸಿ (ನೈಟ್ರೋಸೆಲ್ಯುಲೋಸ್) ಥಿನ್ನರ್ ವಿಷಯ ಹೇಳದಿದ್ದರೆ ಆತ್ಮವಂಚನೆ. ವರ್ಷಗಳ ಹಿಂದೆ ಒಂದು ಅಂಗಡಿಯಲ್ಲಿ "ಎಲ್ಲಾ ಪೇಂಟಿಗೂ ಇದೇ ಸರ್" ಅಂತ ಕೊಟ್ಟರು. ತಪ್ಪಾದ ಬಣ್ಣ ಒರೆಸೋಣ ಅಂತ ಬಟ್ಟೆಗೆ ಹಾಕಿ ಚಕ್ರ ಉಜ್ಜಿದೆ. ಬಣ್ಣದ ಜೊತೆ ಚಕ್ರವೂ ಬಂತು, ಬೆಲ್ಲದ ಪಾಕದಂತೆ ಎಳೆ ಎಳೆಯಾಗಿ. ಅದು ಕಬ್ಬಿಣ, ಮರಕ್ಕೆ ಸರಿ. ಕಿಟ್‌ನ ಪಾಲಿಸ್ಟೈರೀನ್‌ಗೆ ನೆಂಟನಲ್ಲ, ಯಮ.

ಅಕ್ರಿಲಿಕ್ ಕಳಚಲು ಐಸೊಪ್ರೊಪೈಲ್ ಆಲ್ಕೋಹಾಲ್ ಸಾಕು. ಮುಚ್ಚಳವಿರುವ ಸ್ಟೀಲ್ ಡಬ್ಬಿಯಲ್ಲಿ ಬಿಡಿಭಾಗ ಮುಳುಗಿಸಿ ಅರ್ಧ ಗಂಟೆ ಬಿಡಿ, ಟೂತ್‌ಬ್ರಷ್‌ನಲ್ಲಿ ಉಜ್ಜಿ. ಬಗ್ಗದಿದ್ದರೆ ಇನ್ನಷ್ಟು ಹೊತ್ತು. ಕಿಟಕಿ ತೆರೆದಿರಲಿ, ಕೈಗೆ ಗ್ಲೌಸ್ ಇರಲಿ, ಹತ್ತಿರ ದೀಪ, ಊದುಬತ್ತಿ ಇರಬಾರದು. ಇಡೀ ಟ್ಯಾಂಕ್ ಮುಳುಗಿಸುವ ಅಗತ್ಯ ಬರುವುದು ಅಪರೂಪ. ನಮ್ಮ ಟಿ-55ರಲ್ಲಿ ಮುಂದಿನ ತಗಡನ್ನು ಹತ್ತಿಕಡ್ಡಿಯಿಂದ, ಎರಡು ಚಕ್ರಗಳನ್ನು ಡಬ್ಬಿಯಲ್ಲಿ ಕಳಚಿದೆ. ಫೆಂಡರ್ ಉಜ್ಜಿದೆ. ಟರೆಟ್‌ನ ಗುಮ್ಮಟ ಮುಟ್ಟಲಿಲ್ಲ, ಕೆಳ ಅಂಚಿಗೆ ಮಾತ್ರ ಒಂದು ಕೈ ಬಣ್ಣ ಕೊಟ್ಟೆ.

ಅದೇ ಶೂ ಡಬ್ಬಿಯಲ್ಲಿ ವಾಪಸ್ ಹೋಯಿತು. ಮೂರನೇ ದಿನ ಫೋನ್. "ಮಾಮಾ, ಗೀರು ಇಲ್ಲ, ಮಂಕಿಲ್ಲ, ಎಲ್ಲಾ ಚೆನ್ನಾಗಿದೆ. ಆದ್ರೆ ಟರೆಟ್ ತಿರುಗ್ತಿಲ್ಲ."

ಟರೆಟ್ ತಿರುಗದಿದ್ದರೆ ಒತ್ತಿ ತಿರುಗಿಸಬಾರದು, ಅಂಚಿನ ಬಣ್ಣ ಸಿಡಿಯುತ್ತದೆ. ಕೆಳಗಿನ ಸಂದಿಗೆ ತೆಳು ಬ್ಲೇಡ್ ತೂರಿಸಿ ಒಂದು ಸುತ್ತು ಬಿಡಿಸಿ. ಎತ್ತಿ ತೆಗೆದು, ಟರೆಟ್ ಕೂರುವ ಬಳೆಯ ಒಳಮೈಯಲ್ಲಿ ಸೇರಿಕೊಂಡ ಬಣ್ಣವನ್ನು ಬ್ಲೇಡಿನ ಬೆನ್ನಿನಿಂದ ಕೆರೆಯಿರಿ. ಎಣ್ಣೆ ಹಾಕಬೇಡಿ, ಮೆತ್ತನೆ ಪೆನ್ಸಿಲ್‌ನ ಸೀಸ ಉಜ್ಜಿದರೆ ಸಾಕು, ಜಾರುತ್ತದೆ. ಇಷ್ಟನ್ನೂ ಫೋನಿನಲ್ಲಿ ಹೇಳಿದೆ. ಸಂದಿಗೆ ಬಣ್ಣ ಬಿಟ್ಟವರು ಯಾರು ಅಂತ ಅವನು ಕೇಳಲಿಲ್ಲ, ನಾನೂ ಹೇಳಲಿಲ್ಲ.